ಶನಿಯ ಸುತ್ತ ಉಲ್ಟಾ ಸುತ್ತುವ ಫೀಬಿ: ಅಡಿಕೆ ಸುಲಿಯುವವರು ಕೇಳಿದ ಒಂದು ಪ್ರಶ್ನೆ

ತೋಟದಮನೆ, ಹೊಸನಗರ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಅಡಿಕೆ ಕೊಯ್ಲು ಜೋರಾಗಿ ನಡೆದಿದೆ. ರಾತ್ರಿ ಹತ್ತು ಗಂಟೆವರೆಗೂ ಅಂಗಳದಲ್ಲಿ ಸುಲಿಯುವವರು ಕೂತಿರುತ್ತಾರೆ. ಪಕ್ಕದಲ್ಲೇ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ. ಚೊಗರಿನ ವಾಸನೆ ಕೊಟ್ಟಿಗೆವರೆಗೂ ಬರುತ್ತದೆ. ಅಂಗಳದ ಬಲ್ಬು ಆರಿಸುವ ಹಾಗಿಲ್ಲ. ಹಾಗಾಗಿ ನನ್ನ ನಾಲ್ಕೂವರೆ ಇಂಚಿನ ಟೆಲಿಸ್ಕೋಪನ್ನು ಕೊಟ್ಟಿಗೆ ಹಿಂದಿನ ಗದ್ದೆಗೆ ಒಯ್ಯುತ್ತೇನೆ. ಭತ್ತ ಕೊಯ್ದಾಗಿದೆ, ನೆಲ ಗಟ್ಟಿಯಿದೆ. ಮೂರು ಕಡೆ ತೋಟ ಇದ್ದರೂ ತಲೆ ಮೇಲೆ ಆಕಾಶ ಸಾಕಷ್ಟು ಸಿಗುತ್ತದೆ.

ಮೊನ್ನೆ ಶನಿಯನ್ನು ತೋರಿಸುತ್ತಿದ್ದೆ. ಸುಲಿಯಲು ಬಂದವರೂ ಕೈ ಒರೆಸಿಕೊಂಡು ಒಬ್ಬೊಬ್ಬರಾಗಿ ಬಂದು ನೋಡಿದರು. ಬಳೆ ತೆಳ್ಳಗೆ ಕಾಣುತ್ತಿತ್ತು, ಪಕ್ಕದಲ್ಲಿ ಶನಿಯ ಅತಿ ದೊಡ್ಡ ಚಂದ್ರ ಟೈಟನ್‌ನ ಚುಕ್ಕೆ. ಅಣ್ಣನ ಮಗಳು ಏಳನೇ ಕ್ಲಾಸು. "ಚಿಕ್ಕಪ್ಪ, ಶನಿಗೆ ಎಷ್ಟು ಚಂದ್ರ?" ಅಂದಳು. 2025ರ ಮಾರ್ಚ್‌ನಲ್ಲಿ ಒಂದೇ ಸಲ 128 ಹೊಸ ಚಂದ್ರರು ಸೇರಿ ಲೆಕ್ಕ 274ಕ್ಕೆ ಬಂತು ಅಂದೆ. "ಎಲ್ಲಾ ಒಂದೇ ಕಡೆಗೆ ಸುತ್ತುತ್ತವಾ?" ಅಂತ ಇನ್ನೊಂದು ಪ್ರಶ್ನೆ. ಆಗ ಫೀಬಿಯ ವಿಷಯ ಹೇಳಿದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಫೀಬಿ ಶನಿಯ ಒಂದು ಪುಟ್ಟ ಚಂದ್ರ. ಅಡ್ಡಳತೆ ಸುಮಾರು 213 ಕಿಲೋಮೀಟರ್. ಶಿವಮೊಗ್ಗದಲ್ಲಿ ಬಸ್ಸು ಹತ್ತಿದರೆ ಹೆಚ್ಚುಕಡಿಮೆ ತುಮಕೂರಿಗೆ ಹೋಗುವಷ್ಟು. ಆಕಾರ ಪೂರ್ತಿ ಉಂಡೆಯಲ್ಲ, ಜಜ್ಜಿದ ಹಾಗಿದೆ. ಶನಿಯಿಂದ ಸುಮಾರು 1 ಕೋಟಿ 29 ಲಕ್ಷ ಕಿಲೋಮೀಟರ್ ದೂರದಲ್ಲಿ ಸುತ್ತುತ್ತದೆ. ನಮ್ಮ ಚಂದ್ರ ನಮ್ಮಿಂದ ಇರುವ ದೂರದ ಮೂವತ್ತಮೂರು ಪಟ್ಟಿಗಿಂತ ಜಾಸ್ತಿ. ಒಂದು ಸುತ್ತಿಗೆ 550 ದಿನ. ಟೈಟನ್, ರಿಯಾ, ಐಯಾಪೆಟಸ್ ಅನ್ನುವ ದೊಡ್ಡ ಚಂದ್ರರೆಲ್ಲಾ ಶನಿ ತಿರುಗುವ ದಿಕ್ಕಿನಲ್ಲೇ ಸುತ್ತುತ್ತವೆ. ಫೀಬಿ ಅದರ ಎದುರು ದಿಕ್ಕಿನಲ್ಲಿ ಸುತ್ತುತ್ತದೆ. ಈಗ ಹಾಗೆ ಸುತ್ತುವ ಸಣ್ಣ ಸಣ್ಣ ಚಂದ್ರರು ಬಹಳ ಸಿಕ್ಕಿವೆ. ಅವುಗಳಲ್ಲೆಲ್ಲ ದೊಡ್ಡದು ಫೀಬಿ, ಮೊದಲು ಸಿಕ್ಕಿದ್ದೂ ಅದೇ.

ಇಷ್ಟು ಹೇಳುವಾಗ ಸುಲಿಯುವವರಲ್ಲಿ ಒಬ್ಬ ಹಿರಿಯರು ಕೇಳಿದರು: "ತೋರಿಸಿ ಹಾಗಾದ್ರೆ." ಕಾಣಲ್ಲ ಅಂದೆ. "ಕಾಣಲ್ಲ ಅಂದ್ಮೇಲೆ ಅದು ಅಲ್ಲಿದೆ, ಉಲ್ಟಾ ಸುತ್ತುತ್ತೆ ಅಂತ ಹೇಗೆ ಒಪ್ಪೋದು ಮಾರಾಯ್ರೆ?"

ನನಗೆ ತಕ್ಷಣ ಸರಿಯಾದ ಉತ್ತರ ಬರಲಿಲ್ಲ. ಫೋಟೊ ಇದೆ ಅಂದೆ. ಅವರು ಸುಮ್ಮನಾದರು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ಗದ್ದೆಯಲ್ಲಿ ನಿಂತು ಅವರಿಗೆ ತೋರಿಸಬಹುದಾದ ಉತ್ತರ ಏನಾದರೂ ಇದೆಯಾ? ಎಲ್ಲರೂ ಸೇರಿ ಯೋಚನೆ ಮಾಡೋಣ.

ಸಾಗರದ ಮೇಷ್ಟ್ರು

ಫೋಟೊ ಇದೆ ಅಂದದ್ದು ತಪ್ಪಲ್ಲ. ಫೀಬಿ ಸಿಕ್ಕಿದ್ದೇ ಫೋಟೊದಲ್ಲಿ. ಫೋಟೊ ತೆಗೆದು ಹುಡುಕಿದ ಮೊದಲ ಚಂದ್ರ ಇದೇ.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅರೆಕಿಪಾ ಅಂತ ಊರು. ಅಲ್ಲಿ ಹಾರ್ವರ್ಡ್‌ನವರ ಒಂದು ವೀಕ್ಷಣಾಲಯ ಇತ್ತು. 24 ಇಂಚಿನ ಟೆಲಿಸ್ಕೋಪ್. 1898ರ ಆಗಸ್ಟ್‌ನಲ್ಲಿ ಡಿಲೈಲ್ ಸ್ಟೀವರ್ಟ್ ಅನ್ನುವವರು ಶನಿ ಇರುವ ಜಾಗವನ್ನು ಗಾಜಿನ ಫಲಕಗಳ ಮೇಲೆ ಸೆರೆಹಿಡಿದರು. ಆಗ ಫಿಲ್ಮ್ ಅಲ್ಲ, ಗಾಜಿಗೆ ರಾಸಾಯನಿಕ ಬಳಿದು ತೆಗೆಯುತ್ತಿದ್ದರು. ಗಂಟೆಗಟ್ಟಲೆ ಬೆಳಕು ಬಿಡಬೇಕು. ನಮ್ಮ ಕಣ್ಣಿಗೆ ಎಷ್ಟು ಹೊತ್ತು ನೋಡಿದರೂ ಬೆಳಕು ಕೂಡಿಹಾಕಲು ಬರುವುದಿಲ್ಲ. ಫಲಕ ಹಾಗಲ್ಲ. ಹನಿ ಹನಿಯಾಗಿ ಬಿದ್ದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಆ ಫಲಕಗಳನ್ನು ಖಗೋಳ ವಿಜ್ಞಾನಿ ವಿಲಿಯಂ ಹೆನ್ರಿ ಪಿಕರಿಂಗ್ ಒಂದರ ಜೊತೆ ಒಂದು ಇಟ್ಟು ಹೋಲಿಸಿ ನೋಡಿದರು. ಚುಕ್ಕೆಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇವೆ. ಒಂದು ಮಾತ್ರ ಒಂದು ಫಲಕದಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಸ್ವಲ್ಪ ಪಕ್ಕಕ್ಕೆ. 1899ರ ಮಾರ್ಚ್‌ನಲ್ಲಿ ಶನಿಗೆ ಒಂಬತ್ತನೇ ಚಂದ್ರ ಸಿಕ್ಕಿದೆ ಅಂತ ಪ್ರಕಟಿಸಿದರು. ಗ್ರೀಕ್ ಪುರಾಣದ ದೇವತೆಗಳಾದ ಟೈಟನ್‌ಗಳಲ್ಲಿ ಒಬ್ಬಳ ಹೆಸರು ಫೀಬಿ, ಅದನ್ನೇ ಇಟ್ಟರು.

ಆದರೆ ಆ ಹಿರಿಯರ ಅನುಮಾನಕ್ಕೂ ಬೆಲೆ ಇದೆ. ಇದೇ ಪಿಕರಿಂಗ್ 1905ರಲ್ಲಿ ಹತ್ತನೇ ಚಂದ್ರ ಸಿಕ್ಕಿತು ಅಂತ ಹೇಳಿ ಅದಕ್ಕೆ ಥೆಮಿಸ್ ಅಂತ ಹೆಸರನ್ನೂ ಇಟ್ಟರು. ಅದು ಬೇರೆ ಯಾರಿಗೂ ಸಿಗಲಿಲ್ಲ. ಅಂಥ ಚಂದ್ರ ಇಲ್ಲವೇ ಇಲ್ಲ. ಫೀಬಿ ಮತ್ತೆ ಮತ್ತೆ, ಬೇರೆ ಬೇರೆಯವರಿಗೆ, ಲೆಕ್ಕ ಹಾಕಿದ ಜಾಗದಲ್ಲೇ ಸಿಗುತ್ತಾ ಹೋಯಿತು. ಹಾಗಾಗಿ ಉಳಿಯಿತು. ನಾನು ಮಕ್ಕಳಿಗೆ ಪಾಠ ಮಾಡುವಾಗ ಇವೆರಡನ್ನೂ ಒಟ್ಟಿಗೇ ಹೇಳುತ್ತಿದ್ದೆ. ಒಂದನ್ನೇ ಹೇಳಿದರೆ ಅರ್ಧ ಪಾಠ ಆಗುತ್ತದೆ.

ಬೆಂಗಳೂರಲ್ಲಿರುವ ತೀರ್ಥಹಳ್ಳಿಯವ

ಕಣ್ಣಲ್ಲಿ ನೋಡುವ ಆಸೆ ಬಿಡಿ ಅಣ್ಣ. ಫೀಬಿಯ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಾದಷ್ಟೂ ಮಸುಕು) ಸುಮಾರು 16.5. ಒಳ್ಳೆ ಕತ್ತಲೆಯಲ್ಲಿ ಬರಿಗಣ್ಣಿಗೆ ಕಾಣುವ ಕೊನೆಯ ಚುಕ್ಕೆ 6. ಅಂದರೆ ಅದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಮಸುಕು. ನಿಮ್ಮ ನಾಲ್ಕೂವರೆ ಇಂಚಿನದಕ್ಕೆ 12ರ ಹತ್ತಿರ ಹೋದರೆ ದೊಡ್ಡದು.

ಇಷ್ಟು ಮಸುಕಾಗಲು ದೂರ ಒಂದೇ ಕಾರಣ ಅಲ್ಲ. ಫೀಬಿಯ ಮೈ ಇದ್ದಿಲಿನ ಹಾಗೆ ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಏಳೆಂಟು ಪಾಲು ಮಾತ್ರ ವಾಪಸ್ ಬರುತ್ತದೆ. ಅಲ್ಲಿಗೆ ಬೀಳುವ ಬಿಸಿಲೇ ನಮ್ಮದರ ತೊಂಬತ್ತರಲ್ಲಿ ಒಂದು ಪಾಲು.

ಹುಡುಕಬೇಕಾದ ಜಾಗ ಹೇಳುತ್ತೇನೆ. ಫೀಬಿ ಶನಿಯಿಂದ ಅತಿ ದೂರಕ್ಕೆ ಹೋದಾಗ ಆಕಾಶದಲ್ಲಿ ಇಬ್ಬರ ನಡುವೆ ಇರುವ ಅಂತರ ಹುಣ್ಣಿಮೆ ಚಂದ್ರನ ಅಗಲಕ್ಕೆ ಹತ್ತಿರ ಹತ್ತಿರ ಬರುತ್ತದೆ. ಮೊದಲ ಸಲ ಲೆಕ್ಕ ಹಾಕಿದಾಗ ನಂಬಲಿಲ್ಲ, ಎರಡು ಸಲ ಹಾಕಿ ನೋಡಿದೆ.

ಕೊಪ್ಪದ ಅಕ್ಕ

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಎರಡು ಸಂಶಯ ಇದೆ, ಕೇಳಿಬಿಡುತ್ತೇನೆ.

ಒಂದು, ಎಲ್ಲರೂ ಪ್ರದಕ್ಷಿಣೆ ಹಾಕುವಾಗ ಇದೊಂದು ಅಪ್ರದಕ್ಷಿಣೆ ಹಾಕುತ್ತದೆ ಅಂತ ಅರ್ಥ ಮಾಡಿಕೊಳ್ಳಬಹುದಾ?

ಎರಡು, ನಮ್ಮ ಮನೆಯಲ್ಲಿ ಮಗನಿಗೆ ಸಾಡೇಸಾತಿ ಅಂತ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತೇವೆ. ಶನಿಗೆ ಇಷ್ಟೊಂದು ಚಂದ್ರರು ಇದ್ದರೆ ಅವುಗಳ ಪ್ರಭಾವ ಅಂತ ಏನಾದರೂ ಇರುತ್ತದಾ? ತಪ್ಪು ತಿಳಿಯಬೇಡಿ.

ಸಾಗರದ ಮೇಷ್ಟ್ರು

ತಪ್ಪು ತಿಳಿಯುವುದು ಏನಿದೆ ತಾಯಿ. ಎರಡೂ ಒಳ್ಳೆಯ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ ನೀವು ಅಂದುಕೊಂಡದ್ದಕ್ಕೆ ತಿರುಗಾ ಇದೆ! ದೇವಸ್ಥಾನದಲ್ಲಿ ದೇವರು ನಮ್ಮ ಬಲಗೈಗೆ ಬರುವ ಹಾಗೆ ಸುತ್ತುತ್ತೇವೆ. ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಈಗ ಭೂಮಿಯ ಉತ್ತರ ಧ್ರುವದ ಮೇಲೆ ಬಹಳ ಎತ್ತರಕ್ಕೆ ಹೋಗಿ ಸೌರಮಂಡಲವನ್ನು ನೋಡಿದೆವು ಅಂತಿಟ್ಟುಕೊಳ್ಳಿ. ಭೂಮಿ, ಗುರು, ಶನಿ ಎಲ್ಲವೂ ಸೂರ್ಯನನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿರುತ್ತವೆ. ನಮ್ಮ ಚಂದ್ರನೂ ಹಾಗೆಯೇ, ಟೈಟನ್ನೂ ಹಾಗೆಯೇ. ಅಂದರೆ ಅವೆಲ್ಲ ಅಪ್ರದಕ್ಷಿಣೆ. ಸರಿಯಾಗಿ ಪ್ರದಕ್ಷಿಣೆ ಹಾಕುತ್ತಿರುವುದು ಫೀಬಿ.

ಎರಡನೆಯದು. ಫೀಬಿಯಿಂದ ನಮ್ಮ ಮೇಲೆ, ನಿಮ್ಮ ಮಗನ ಮೇಲೆ ಯಾವ ಪ್ರಭಾವವೂ ಇಲ್ಲ. ಧೈರ್ಯವಾಗಿರಿ. ಆದರೆ ಸಾಡೇಸಾತಿಯ ಲೆಕ್ಕದ ಹಿಂದೆ ಒಂದು ನಿಜವಾದ ಆಕಾಶದ ಲೆಕ್ಕ ಇದೆ. ಶನಿ ಸೂರ್ಯನನ್ನು ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಅಷ್ಟರಲ್ಲಿ ಫೀಬಿ ಶನಿಗೆ ಐದು ಸುತ್ತು ಮುಗಿಸುತ್ತದೆ, ಹತ್ತು ಹನ್ನೆರಡು ದಿನ ಆಚೀಚೆ. ಮಗನಿಗೆ ಹೇಳಿ, ಖುಷಿ ಪಡುತ್ತಾನೆ.

ತುಂಗಾ ದಡ, ಶಿವಮೊಗ್ಗ

ನಾನು ಭೌತಶಾಸ್ತ್ರ ಓದುತ್ತಿದ್ದೇನೆ. ಉಲ್ಟಾ ಯಾಕೆ ಸುತ್ತುತ್ತದೆ ಅನ್ನುವುದನ್ನು ಯಾರೂ ಹೇಳಿಲ್ಲ ಅಲ್ವಾ, ಅದನ್ನು ಹೇಳುತ್ತೇನೆ.

ಸಕ್ರೆಬೈಲು ಆನೆ ಬಿಡಾರಕ್ಕೆ ಹೋದವರಿಗೆ ಗೊತ್ತು. ಅಲ್ಲಿ ಬಿಡಾರದಲ್ಲೇ ಹುಟ್ಟಿದ ಆನೆಗಳಿವೆ, ಕಾಡಿಂದ ಹಿಡಿದು ತಂದವೂ ಇವೆ. ಚಂದ್ರರಲ್ಲೂ ಹಾಗೆ ಎರಡು ಬಗೆ. ಶನಿ ಹುಟ್ಟುವಾಗ ಅದರ ಸುತ್ತ ಅನಿಲ, ಧೂಳಿನ ಒಂದು ತಟ್ಟೆ ತಿರುಗುತ್ತಿತ್ತು. ಒಳಗಿನ ಚಂದ್ರರು ಆ ತಟ್ಟೆಯ ವಸ್ತುವಿನಿಂದಲೇ ಆದವು. ಅದಕ್ಕೇ ಅವೆಲ್ಲ ಒಂದೇ ದಿಕ್ಕು, ಹೆಚ್ಚುಕಡಿಮೆ ಒಂದೇ ಮಟ್ಟ. ಆ ತಟ್ಟೆಯಲ್ಲಿ ಹುಟ್ಟಿದ್ದು ಎದುರು ದಿಕ್ಕಿಗೆ ಸುತ್ತಲು ಕಾರಣವೇ ಇಲ್ಲ. ಹಾಗಾಗಿ ಫೀಬಿ ಹೊರಗಿಂದ ಬಂದು ಸೆರೆ ಸಿಕ್ಕಿದ್ದು ಅಂತ ತೀರ್ಮಾನ.

ಆದರೆ ಸೆರೆ ಸಿಗುವುದು ಸುಲಭ ಅಲ್ಲ. ಇದು ನನಗೆ ತುಂಬಾ ಇಷ್ಟವಾದ ಭಾಗ. ಮಳೆಗಾಲದಲ್ಲಿ ತುಂಗೆ ತುಂಬಿ ಹರಿಯುವಾಗ ಇಲ್ಲಿ ಎಲ್ಲರೂ ಮಂಟಪ ಮುಳುಗಿತಾ ಅಂತ ನೋಡಲು ಹೋಗುತ್ತೇವೆ. ನೀರಲ್ಲಿ ದಿಮ್ಮಿ ತೇಲಿ ಬರುತ್ತದೆ. ಮಂಟಪದ ಹತ್ತಿರ ಬಂದಾಗ ಸ್ವಲ್ಪ ತಿರುಗುತ್ತದೆ, ಆಮೇಲೆ ಬಂದ ಹಾಗೇ ಹೋಗಿಬಿಡುತ್ತದೆ. ಶನಿಯ ಪಕ್ಕ ಹಾದುಹೋಗುವ ಕಲ್ಲಿನದೂ ಇದೇ ಪಾಡು. ಹತ್ತಿರ ಬರುವಾಗ ಎಷ್ಟು ವೇಗ ಗಳಿಸುತ್ತದೋ ದೂರ ಹೋಗುವಾಗ ಅಷ್ಟನ್ನೇ ಕಳೆದುಕೊಂಡು ಆಚೆ ದಾಟುತ್ತದೆ. ನಿಲ್ಲಬೇಕಾದರೆ ಏನಾದರೂ ಅದರ ವೇಗವನ್ನು ಕಸಿಯಬೇಕು. ಎರಡು ದಿಮ್ಮಿ ಉಜ್ಜಿಕೊಂಡು ಬಂದರೆ ಒಂದು ಸುಳಿಯಲ್ಲಿ ಉಳಿದು ಇನ್ನೊಂದು ಜೋರಾಗಿ ಮುಂದೆ ಹೋಗುವುದನ್ನು ನೋಡಿದ್ದೇನೆ. ಹಾಗೆ ಜೋಡಿಯಾಗಿ ಬಂದದ್ದರಲ್ಲಿ ಒಂದು ಉಳಿದಿರಬಹುದು. ಶನಿಯ ಸುತ್ತ ಆಗ ಇದ್ದ ದಟ್ಟ ಅನಿಲ ತಡೆದಿರಬಹುದು. ದೊಡ್ಡ ಗ್ರಹಗಳು ಜಾಗ ಬದಲಾಯಿಸುತ್ತಿದ್ದ ಕಾಲದಲ್ಲಿ ಅವುಗಳ ಎಳೆದಾಟದಲ್ಲಿ ಸಿಕ್ಕಿರಬಹುದು. ಮೂರಕ್ಕೂ ಪರ ವಾದ ಮಾಡುವವರು ಇದ್ದಾರೆ.

ಇನ್ನೊಂದು ವಿಷಯ. ಗ್ರಹದಿಂದ ಅಷ್ಟು ದೂರದಲ್ಲಿ ಸೂರ್ಯನ ಎಳೆತ ಚಂದ್ರನನ್ನು ಕಿತ್ತುಕೊಳ್ಳಲು ನೋಡುತ್ತಲೇ ಇರುತ್ತದೆ. ಲೆಕ್ಕ ಹಾಕಿದರೆ, ಉಲ್ಟಾ ಸುತ್ತುವ ಚಂದ್ರ ಜಾಸ್ತಿ ದೂರದವರೆಗೂ ಗಟ್ಟಿಯಾಗಿ ಉಳಿಯುತ್ತದೆ. ಶನಿಯ ದೂರದ ಸಣ್ಣ ಚಂದ್ರರಲ್ಲಿ ಉಲ್ಟಾ ಸುತ್ತುವವೇ ಜಾಸ್ತಿ ಇರಲು ಇದೂ ಒಂದು ಕಾರಣ.

ಮುಳುಗಡೆ ಮನೆ

ಓದುತ್ತಾ ಇದ್ದವನಿಗೆ ಬರೆಯಬೇಕು ಅನ್ನಿಸಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ನಮ್ಮ ಅಜ್ಜ ಶರಾವತಿ ಕಣಿವೆ ಬಿಟ್ಟು ಶಿವಮೊಗ್ಗದ ಕಡೆ ಬಂದರು. ಬರುವಾಗ ಹಳೆ ಮನೆಯ ಕಂಬ ಬಿಚ್ಚಿ ಲಾರಿಯಲ್ಲಿ ತಂದಿದ್ದರು. ಈಗಲೂ ನಮ್ಮ ಜಗಲಿಯಲ್ಲಿ ಅವೇ ನಾಲ್ಕು ಕಂಬ. ಒಂದರ ಬುಡದಲ್ಲಿ ತೊಟ್ಟಿಲು ಹಗ್ಗ ಉಜ್ಜಿದ ಗುರುತು ಹಾಗೇ ಇದೆ. ಆ ಊರು ನಾನು ನೋಡಿಲ್ಲ. ಆ ಕಂಬ ಮುಟ್ಟಿದರೆ ಊರು ಇತ್ತು ಅಂತ ಗೊತ್ತಾಗುತ್ತದೆ.

ಹಾಗಾಗಿ ಕೇಳುತ್ತೇನೆ. ಫೀಬಿ ಹೊರಗಿಂದ ಬಂದದ್ದು ಅಂತೀರಿ. ತನ್ನ ಹಳೇ ಊರಿನಿಂದ ಅದು ಏನು ತಂದಿದೆ?

ತುಂಗಾ ದಡ, ಶಿವಮೊಗ್ಗ

ಅಣ್ಣ, ಈ ಪ್ರಶ್ನೆ ಕೇಳಿಕೊಂಡೇ ಒಂದು ನೌಕೆ ಅಲ್ಲಿಗೆ ಹೋಗಿತ್ತು.

ವಾಯೇಜರ್ 2 ನೌಕೆ 1981ರಲ್ಲಿ ಸುಮಾರು 22 ಲಕ್ಷ ಕಿಲೋಮೀಟರ್ ದೂರದಿಂದ ಫೀಬಿಯ ಚಿತ್ರ ತೆಗೆದಿತ್ತು. ಬರೀ ಮಸುಕು ಮಚ್ಚೆ. ಆಮೇಲೆ ಕ್ಯಾಸಿನಿ ನೌಕೆ. ಅದು ಶನಿಗೆ ತಲುಪುವ ದಿನವನ್ನು ಗೊತ್ತುಮಾಡುವಾಗಲೇ ದಾರಿಯಲ್ಲಿ ಫೀಬಿ ಸಿಗಬೇಕು ಅಂತ ನೋಡಿಕೊಂಡರು. ಯಾಕೆಂದರೆ ಒಮ್ಮೆ ಶನಿಯ ಹತ್ತಿರ ಹೋಗಿ ಸುತ್ತಲು ಶುರುಮಾಡಿದ ಮೇಲೆ ಅಷ್ಟು ಹೊರಗೆ ಮತ್ತೆ ಬರಲು ಆಗುವುದಿಲ್ಲ. 2004ರ ಜೂನ್ 11ರಂದು 2,068 ಕಿಲೋಮೀಟರ್ ಹತ್ತಿರದಿಂದ ಹಾದುಹೋಯಿತು. ಇದ್ದದ್ದು ಆ ಒಂದೇ ಅವಕಾಶ. ಫೀಬಿ ತನ್ನ ಸುತ್ತ ತಾನು ತಿರುಗಲು ಒಂಬತ್ತು ಗಂಟೆ ಹದಿನಾರು ನಿಮಿಷ ಸಾಕು. ಹಾಗಾಗಿ ಹಾದುಹೋಗುವಷ್ಟರಲ್ಲೇ ಬಹುಪಾಲು ಮೈ ಕಂಡಿತು.

ಎಲ್ಲಿ ನೋಡಿದರೂ ಕುಳಿ. ಜೇಸನ್ ಅನ್ನುವ ಒಂದು ಕುಳಿಯ ಅಗಲ ಸುಮಾರು 100 ಕಿಲೋಮೀಟರ್. ಶಿವಮೊಗ್ಗದಿಂದ ಜೋಗಕ್ಕೆ ಹೋದಷ್ಟು. ಇಡೀ ಫೀಬಿಯ ಅಡ್ಡಳತೆಯೇ ಅದರ ಎರಡರಷ್ಟು! ಕುಳಿಗಳ ಗೋಡೆಯಲ್ಲಿ ಕಪ್ಪು ಮಣ್ಣು ಜಾರಿದ ಕಡೆ ಒಳಗಿನ ಬಿಳಿ ಮಂಜುಗಡ್ಡೆ ಕಂಡಿತು. ನಮ್ಮಲ್ಲಿ ಘಾಟಿಯ ಧರೆ ಕುಸಿದಾಗ ಒಳಗಿನ ಕೆಂಪು ಮಣ್ಣು ಹೊಸದಾಗಿ ಕಾಣುತ್ತದಲ್ಲ, ಹಾಗೆ.

ನಿಮ್ಮ ಕಂಬದ ಪ್ರಶ್ನೆಗೆ ಬರುತ್ತೇನೆ. ಮೊದಲನೆಯದು ತೂಕ. ಫೀಬಿಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 1.64 ಗ್ರಾಂ. ಅದರ ನೆರೆಯ ದೊಡ್ಡ ಚಂದ್ರ ಐಯಾಪೆಟಸ್‌ದು 1.1ರ ಆಸುಪಾಸು. ಅಂದರೆ ಫೀಬಿಯಲ್ಲಿ ಕಲ್ಲಿನ ಪಾಲು ಜಾಸ್ತಿ, ಬೇರೆ ಕಡೆಯ ಮಾಲು. ಎರಡನೆಯದು, ನೀರಿನ ಮಂಜಿನ ಜೊತೆಗೆ ಇಂಗಾಲದ ಡೈಆಕ್ಸೈಡ್ ಇದೆ, ಸಾವಯವ ವಸ್ತುಗಳಿವೆ. ಇದನ್ನೆಲ್ಲ ನೋಡಿ, ನೆಪ್ಚೂನ್‌ನ ಆಚೆ ಈಗಲೂ ತಿರುಗುತ್ತಿರುವ ಮಂಜಿನ ಕಾಯಗಳ ಬಳಗಕ್ಕೆ ಇದು ಸೇರಿರಬೇಕು ಅಂತ ಅನೇಕರು ಹೇಳಿದರು. 2012ರಲ್ಲಿ ಇನ್ನೊಂದು ಅಧ್ಯಯನ ಬಂತು. ಫೀಬಿ ಹುಟ್ಟಿದ ಹೊಸತರಲ್ಲಿ ಒಳಗೆ ಬಿಸಿಯಾಗಿ ಉಂಡೆಯಾಗಿತ್ತು, ಈಗಿನ ಜಜ್ಜಿದ ಆಕಾರ ಆಮೇಲೆ ಬಿದ್ದ ಪೆಟ್ಟುಗಳದ್ದು ಅಂತ.

ಮುಳುಗಡೆ ಮನೆ

ಪೆಟ್ಟು ತಿಂದರೂ ಒಳಗಿನದು ಉಳಿಸಿಕೊಂಡಿದೆ. ಥ್ಯಾಂಕ್ಸ್ ತಮ್ಮಾ.

ತೋಟದಮನೆ, ಹೊಸನಗರ

ಎಲ್ಲರೂ ಇಷ್ಟು ಬರೆದದ್ದು ನೋಡಿ ಬಹಳ ಸಂತೋಷ ಆಯಿತು. ನಿಮ್ಮ ಮಾತು ಓದುತ್ತಾ ಓದುತ್ತಾ ಆ ಹಿರಿಯರಿಗೆ ಕೊಡಬೇಕಾದ ಉತ್ತರ ನನಗೆ ಹೊಳೆಯಿತು. ಫೀಬಿಯನ್ನು ತೋರಿಸಲು ನನ್ನ ಕೈಲಿ ಆಗುವುದಿಲ್ಲ. ಫೀಬಿ ಮಾಡಿದ ಕೆಲಸವನ್ನು ತೋರಿಸಬಹುದು!

ಐಯಾಪೆಟಸ್ ಅಂತ ಹೇಳಿದೆನಲ್ಲ, ಅದನ್ನು 1671ರಲ್ಲಿ ಕಂಡುಹಿಡಿದವರು ಜೊವಾನ್ನಿ ಕ್ಯಾಸಿನಿ. ನೌಕೆಗೆ ಇಟ್ಟದ್ದು ಅವರದೇ ಹೆಸರು. ಅವರಿಗೆ ಒಂದು ವಿಚಿತ್ರ ಕಂಡಿತು. ಐಯಾಪೆಟಸ್ ಶನಿಯ ಪಶ್ಚಿಮಕ್ಕೆ ಇದ್ದಾಗ ಚೆನ್ನಾಗಿ ಕಾಣುತ್ತದೆ. ಪೂರ್ವಕ್ಕೆ ಬರಬೇಕಾದ ಹೊತ್ತಿಗೆ ಹುಡುಕಿದರೆ ಇಲ್ಲ. ಮತ್ತೆ ಪಶ್ಚಿಮದಲ್ಲಿ ಹಾಜರ್. ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು ಇರಬೇಕು, ಶನಿಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾ ಸುತ್ತುತ್ತಿರಬೇಕು ಅಂತ ಅವರು ಊಹಿಸಿದರು. ಪೂರ್ವದಲ್ಲಿ ಅದನ್ನು ಕಣ್ಣಾರೆ ನೋಡಲು 1705ರವರೆಗೆ ಕಾದರು. ಮೂವತ್ತನಾಲ್ಕು ವರ್ಷ! ಇನ್ನೂ ದೊಡ್ಡ ಟೆಲಿಸ್ಕೋಪ್ ಬಂದ ಮೇಲೆ ಸಿಕ್ಕಿತು.

ಕಪ್ಪು ಎಲ್ಲಿಂದ ಬಂತು? ಫೀಬಿಯ ಮೇಲೆ ಸಣ್ಣಪುಟ್ಟ ಕಲ್ಲು ಬಡಿಯುತ್ತಲೇ ಇರುತ್ತವೆ. ಧೂಳು ಏಳುತ್ತದೆ. ಫೀಬಿಯ ಎಳೆತ ತೀರಾ ಕಡಿಮೆ. ಇಲ್ಲಿ 70 ಕೆಜಿ ತೂಗುವ ಅಡಿಕೆ ಮೂಟೆ ಅಲ್ಲಿ 350 ಗ್ರಾಂ ತೂಗಿದ ಹಾಗೆ ಆಗುತ್ತದೆ. ಎದ್ದ ಧೂಳು ವಾಪಸ್ ಬೀಳದೆ ಆಚೆ ಹೋಗಿಬಿಡುತ್ತದೆ. 2009ರಲ್ಲಿ ಸ್ಪಿಟ್ಜರ್ ಅನ್ನುವ ಅತಿಗೆಂಪು ಟೆಲಿಸ್ಕೋಪಿಗೆ ಆ ಧೂಳಿನ ಬಳೆಯೇ ಸಿಕ್ಕಿತು. ನಾವು ನೋಡುವ ಬಳೆಗಿಂತ ಎಷ್ಟೋ ಹೊರಗೆ, ಅದಕ್ಕೆ 27 ಡಿಗ್ರಿ ಓರೆಯಾಗಿದೆ. ನಮ್ಮ ಕಣ್ಣಿಗೆ ಕಾಣುವ ಹಾಗಿದ್ದಿದ್ದರೆ ಶನಿಯ ಎರಡೂ ಪಕ್ಕ ಒಂದೊಂದು ಹುಣ್ಣಿಮೆ ಚಂದ್ರನಷ್ಟು ಹರಡಿರುತ್ತಿತ್ತು. ಆದರೆ ಎಷ್ಟು ತೆಳು ಅಂದರೆ, ಒಳಗೇ ನಿಂತರೂ ಗೊತ್ತಾಗಲ್ಲ.

ಈ ಧೂಳೂ ಫೀಬಿಯ ಹಾಗೆ ಉಲ್ಟಾ ಸುತ್ತುತ್ತದೆ. ಬಿಸಿಲಿನ ಪರಿಣಾಮದಿಂದ ನಿಧಾನ ಒಳಗೆ ಜಾರುತ್ತದೆ. ಒಳಗೆ ಎದುರಿಗೆ ಬರುತ್ತಿರುವುದು ಐಯಾಪೆಟಸ್. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಬೈಕಿನಲ್ಲಿ ಹೋಗಿದ್ದೀರಲ್ಲ? ಮಳೆಹುಳ ಎದ್ದಿರುತ್ತವೆ. ಮನೆಗೆ ಬಂದು ನೋಡಿದರೆ ಅಂಗಿಯ ಎದೆ ತುಂಬಾ ಹುಳ, ಬೆನ್ನಿಗೆ ಒಂದೂ ಇಲ್ಲ. ಐಯಾಪೆಟಸ್ ಆ ಬೈಕಿನವನ ಹಾಗೆ. ಯಾವಾಗಲೂ ಒಂದೇ ಮುಖ ಮುಂದೆ ಮಾಡಿಕೊಂಡು ಹೋಗುವುದರಿಂದ ಆ ಮುಖಕ್ಕೇ ಧೂಳು ಮೆತ್ತುತ್ತದೆ.

ಅಲ್ಲಿಗೇ ನಿಲ್ಲುವುದಿಲ್ಲ. ಅಡಿಕೆ ಒಣಗಿಸುವವರಿಗೆ ಹೇಳಬೇಕಾಗಿಲ್ಲ, ಮಧ್ಯಾಹ್ನ ಕಪ್ಪು ಟಾರ್ಪಾಲ್ ಮೇಲೆ ಕಾಲಿಡಲು ಆಗುವುದಿಲ್ಲ, ಪಕ್ಕದ ಬಿಳಿ ಚೀಲದ ಮೇಲೆ ನಿಲ್ಲಬಹುದು. ಐಯಾಪೆಟಸ್‌ನ ಒಂದು ಸುತ್ತಿಗೆ 79 ದಿನ, ಹಾಗಾಗಿ ಹಗಲೂ ಬಹಳ ಉದ್ದ. ಧೂಳು ಮೆತ್ತಿದ ಕಡೆ ಬಿಸಿ ಹೆಚ್ಚಿ ಅಲ್ಲಿನ ಮಂಜು ಆವಿಯಾಗಿ ಹೋಗುತ್ತದೆ, ತಂಪಾದ ಬಿಳಿ ಭಾಗಕ್ಕೆ ಹೋಗಿ ಕೂರುತ್ತದೆ. ಕಪ್ಪು ಇನ್ನೂ ಕಪ್ಪಾಗುತ್ತದೆ, ಬಿಳಿ ಇನ್ನೂ ಬಿಳಿ.

ಪಶ್ಚಿಮದಲ್ಲಿದ್ದಾಗ ಅದು ನಮ್ಮಿಂದ ದೂರ ಹೋಗುತ್ತಿರುತ್ತದೆ, ಬೆನ್ನು ಕಾಣುತ್ತದೆ. ಕಾಂತಿಮಾನ 10ರ ಹತ್ತಿರ. ಪೂರ್ವದಲ್ಲಿದ್ದಾಗ ನಮ್ಮ ಕಡೆಗೆ ಬರುತ್ತಿರುತ್ತದೆ, ಎದೆ ಕಾಣುತ್ತದೆ. 12ರ ಹತ್ತಿರ. ಸುಮಾರು ಐದು ಪಟ್ಟು ವ್ಯತ್ಯಾಸ. ನನ್ನ ಟೆಲಿಸ್ಕೋಪಿಗೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದು ಕಷ್ಟ. ನಲವತ್ತು ದಿನದ ಅಂತರದಲ್ಲಿ ಎರಡು ಸಲ ನೋಡಿದರೆ ಸಾಕು.

ಬೆಂಗಳೂರಲ್ಲಿರುವ ತೀರ್ಥಹಳ್ಳಿಯವ

ಚೆನ್ನಾಗಿದೆ. ಆದರೆ ಒಂದು ತಕರಾರು. ಐಯಾಪೆಟಸ್‌ನ ಕಪ್ಪು ಸ್ವಲ್ಪ ಕೆಂಪು ಮಿಶ್ರಿತ. ಫೀಬಿಯದು ಹಾಗಲ್ಲ, ಬೂದು. ಧೂಳು ಅದರದೇ ಆಗಿದ್ದರೆ ಬಣ್ಣ ಯಾಕೆ ಬೇರೆ?

ತುಂಗಾ ದಡ, ಶಿವಮೊಗ್ಗ

ತಕರಾರು ಸರಿ ಇದೆ ಸರ್. ಬಣ್ಣ ಹೊಂದುವುದಿಲ್ಲ ಅನ್ನುವ ಕಾರಣಕ್ಕೇ ಫೀಬಿಯ ಧೂಳಿನ ವಾದವನ್ನು ಬಹಳ ವರ್ಷ ಅನುಮಾನದಿಂದ ನೋಡಿದರು. 2009ರಲ್ಲಿ ಬಳೆ ಸಿಕ್ಕ ಮೇಲೆ ಬಲ ಬಂತು. ಹೊರಗಿನ ಬೇರೆ ಸಣ್ಣ ಚಂದ್ರರ ಧೂಳೂ ಸೇರಿರಬಹುದು. ಅವುಗಳಲ್ಲಿ ಕೆಂಪು ಛಾಯೆಯವೂ ಇವೆ. ಮಂಜು ಹೋದ ಮೇಲೆ ಉಳಿದ ಐಯಾಪೆಟಸ್‌ನದೇ ಕಸವೂ ಇರಬಹುದು. ತೋಟದಮನೆ ಅಣ್ಣ ಹೇಳಿದ ಕಪ್ಪು ಟಾರ್ಪಾಲ್ ಲೆಕ್ಕದಲ್ಲಿ ನೋಡಿದರೆ ಶುರು ಮಾಡಲು ಸ್ವಲ್ಪ ಧೂಳು ಸಾಕು, ಉಳಿದದ್ದನ್ನು ಬಿಸಿಲು ಮಾಡುತ್ತದೆ. ಹಾಗಾಗಿ "ಎಲ್ಲಾ ಫೀಬಿಯದೇ" ಅಂತ ಹೇಳದೆ "ಫೀಬಿ ಕಡೆಯಿಂದ ಶುರುವಾದದ್ದು" ಅಂದರೆ ಸರಿಯಾಗುತ್ತದೆ.

ತೋಟದಮನೆ, ಹೊಸನಗರ

ಒಪ್ಪಿದೆ. ಆ ಹಿರಿಯರಿಗೆ ಹಾಗೇ ಹೇಳುತ್ತೇನೆ.

ಕೊಪ್ಪದ ಅಕ್ಕ

ನನ್ನ ಮಗನ ಹತ್ತಿರವೂ ಒಂದು ಟೆಲಿಸ್ಕೋಪ್ ಇದೆ, ಎರಡು ಮಳೆಗಾಲ ಪೆಟ್ಟಿಗೆಯಲ್ಲೇ ಇತ್ತು. ಈಗ ತೆಗೆದರೆ ಗಾಜಿಗೆ ಬೂಷ್ಟು ಬಂದಿದೆ. ಏನು ಮಾಡಬಹುದು? ಮತ್ತೆ, ಟೆಲಿಸ್ಕೋಪಿನಲ್ಲಿ ಎಲ್ಲಾ ತಲೆಕೆಳಗಾಗಿ ಕಾಣುತ್ತದೆ ಅಂತಾನೆ. ಅದರಲ್ಲಿ ಯಾವ ಕಡೆ ಪಶ್ಚಿಮ ಅಂತ ಹೇಗೆ ಗೊತ್ತಾಗುತ್ತದೆ?

ತೋಟದಮನೆ, ಹೊಸನಗರ

ಅಕ್ಕಾ, ಬೂಷ್ಟು ನಮ್ಮೆಲ್ಲರ ಮನೆಯ ಕಥೆ. ಆಗುಂಬೆ ಕಡೆಯ ಮಳೆ ಇರುವ ಊರಲ್ಲಿ ಕನ್ನಡಿ, ಮಸೂರ ಉಳಿಸಿಕೊಳ್ಳುವುದೇ ಒಂದು ಕೆಲಸ. ನಾನು ಹಳೇ ಮರದ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಚಿಕ್ಕ ಬಲ್ಬು ಉರಿಸಿ, ಮೇಲಿನ ಅರೆಯಲ್ಲಿ ಟೆಲಿಸ್ಕೋಪ್ ಇಡುತ್ತೇನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಗಲು ಬಲ್ಬು ಉರಿಯುತ್ತಲೇ ಇರಬೇಕು. ಬಂದಿರುವ ಬೂಷ್ಟನ್ನು ಬಟ್ಟೆಯಲ್ಲಿ ಉಜ್ಜಬೇಡಿ, ಕನ್ನಡಿಯ ಲೇಪ ಎದ್ದುಬಿಡುತ್ತದೆ. ತಿಳಿದವರ ಹತ್ತಿರ ತೊಳೆಸಿ.

ದಿಕ್ಕು ತಿಳಿಯುವುದು ಸುಲಭ. ಶನಿಯನ್ನು ನಡುವೆ ತಂದು ಟೆಲಿಸ್ಕೋಪನ್ನು ಮುಟ್ಟದೆ ಬಿಡಿ. ಭೂಮಿ ತಿರುಗುವುದರಿಂದ ಶನಿ ಮೆಲ್ಲಗೆ ಒಂದು ಅಂಚಿಗೆ ಜಾರುತ್ತದೆ. ಅದು ಹೊರಗೆ ಹೋಗುವ ಅಂಚೇ ಪಶ್ಚಿಮ. ಚಿತ್ರ ತಲೆಕೆಳಗಿರಲಿ, ಕನ್ನಡಿಯಲ್ಲಿ ತಿರುಗಿರಲಿ, ಇದು ತಪ್ಪುವುದಿಲ್ಲ.

ಐಯಾಪೆಟಸ್ ಶನಿಯ ಹತ್ತಿರ ಇರುತ್ತದೆ ಅಂತ ಹುಡುಕಬೇಡಿ. ಪಶ್ಚಿಮದ ತುದಿಯಲ್ಲಿದ್ದಾಗ ಬಳೆಯ ಅಗಲದ ಹನ್ನೆರಡು ಪಟ್ಟು ದೂರದಲ್ಲಿರುತ್ತದೆ. ಸುತ್ತಲಿನ ಚುಕ್ಕೆಗಳಲ್ಲಿ ಯಾವುದು ಅದು ಅಂತ ಮೊಬೈಲಿನ ಆಕಾಶ ನಕ್ಷೆ ನೋಡಿಯೇ ಗುರುತು ಮಾಡಬೇಕು. ಎರಡು ರಾತ್ರಿ ಚಿತ್ರ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸಾಗರದ ಮೇಷ್ಟ್ರು

ಒಂದು ಲೆಕ್ಕ ಮಕ್ಕಳಿಗೆ ಕೊಡಿ. ಫೀಬಿಯ ಮೇಲೆ ನಿಂತರೆ ಶನಿ ಎಷ್ಟು ದೊಡ್ಡದು ಕಾಣುತ್ತದೆ? ಶನಿಯ ಅಡ್ಡಳತೆ ಸುಮಾರು 1,20,500 ಕಿಲೋಮೀಟರ್, ದೂರ 1 ಕೋಟಿ 29 ಲಕ್ಷ. ಭಾಗಿಸಿ ನೋಡಿದರೆ ನಮಗೆ ಹುಣ್ಣಿಮೆ ಚಂದ್ರ ಕಾಣುವಷ್ಟೇ ಬರುತ್ತದೆ. ಅದರ ಸುತ್ತ ಬಳೆ. ಆ 550 ದಿನದ ಸುತ್ತಿನಲ್ಲಿ ಬಳೆ ಅಗಲವಾಗಿ ತೆರೆಯುತ್ತದೆ, ಮುಚ್ಚಿ ಗೆರೆಯಾಗುತ್ತದೆ, ಮತ್ತೆ ತೆರೆಯುತ್ತದೆ. ನಾವು ಅದೇ ಬದಲಾವಣೆ ನೋಡಲು ವರ್ಷಾನುಗಟ್ಟಲೆ ಕಾಯಬೇಕು.

ತೋಟದಮನೆ, ಹೊಸನಗರ

ನಲವತ್ತು ದಿನದ ನಂತರ ಬರೆಯುತ್ತಿದ್ದೇನೆ.

ಮೊದಲ ಸಲ ಪಶ್ಚಿಮದಲ್ಲಿದ್ದಾಗ ಅಣ್ಣನ ಮಗಳು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದಳು. ಶನಿ, ಟೈಟನ್, ರಿಯಾ, ಬಹಳ ಆಚೆ ಐಯಾಪೆಟಸ್. ಎರಡು ರಾತ್ರಿಯ ಚಿತ್ರದಲ್ಲಿ ಅದು ಚುಕ್ಕೆಗಳ ನಡುವೆ ಸರಿದದ್ದು ಅವಳಿಗೇ ಗೊತ್ತಾಯಿತು. ಪಿಕರಿಂಗ್ ಫಲಕ ಹೋಲಿಸಿದ ಕಥೆ ಆಗ ಹೇಳಿದೆ.

ಎರಡನೇ ಸಲದ ಹೊತ್ತಿಗೆ ಸುಲಿಯುವ ಕೆಲಸ ಮುಗಿದಿತ್ತು. ಆ ಹಿರಿಯರಿಗೆ ಹೇಳಿಕಳಿಸಿದ್ದೆ, ಬಂದರು. ಶನಿ ಪಶ್ಚಿಮಕ್ಕೆ ಇಳಿದಿತ್ತು, ತೋಟದ ಮರೆಗೆ ಹೋಗುವುದರೊಳಗೆ ನೋಡಬೇಕಿತ್ತು. ಇಬ್ಬನಿ ಶುರುವಾಗಿತ್ತು, ಒಂದು ಸಲ ಮಸೂರ ಒರೆಸಿಕೊಂಡೆವು. ಟೈಟನ್ ಕಂಡಿತು. ರಿಯಾ ಕಂಡಿತು. ರಿಯಾ ಐಯಾಪೆಟಸ್‌ನ ಬಿಳಿ ಮುಖಕ್ಕಿಂತ ಬಹಳ ಪ್ರಕಾಶವೇನೂ ಅಲ್ಲ. ಅದು ಕಂಡ ಮೇಲೆ ಆಕಾಶ ಸರಿ ಇಲ್ಲ ಅನ್ನುವ ಹಾಗಿಲ್ಲ. ಪೂರ್ವದಲ್ಲಿ ನಕ್ಷೆ ತೋರಿಸಿದ ಜಾಗಕ್ಕೆ ತಂದೆವು. ಏನೂ ಇಲ್ಲ. ಹುಡುಗಿ ಬಹಳ ಹೊತ್ತು ಕಣ್ಣಿಟ್ಟು, "ಒಂದ್ಸಲ ಇದ್ದ ಹಾಗೆ ಆಯ್ತು, ಈಗ ಇಲ್ಲ" ಅಂದಳು.

ಅವರೂ ನೋಡಿದರು. ಹಳೆ ಚಿತ್ರವನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮಳೆಹುಳದ ಮಾತು ಹೇಳಿದಾಗ ತಲೆಯಾಡಿಸಿದರು. ಬಣ್ಣದ ತಕರಾರನ್ನೂ ಹೇಳಿದೆ. "ಹಾಗಾದ್ರೆ ಆ ಫೀಬಿ ಎಷ್ಟು ಆಚೆ ಇರುತ್ತೆ?" ಅಂತ ಕೇಳಿದರು. ಕೈ ಚಾಚಿ ಕಿರುಬೆರಳು ಹಿಡಿದರೆ ಅದರ ಅರ್ಧ ಅಗಲ, ಅತಿ ಹೆಚ್ಚೆಂದರೆ ಅಷ್ಟು ಅಂದೆ.

ಅವರು ಗದ್ದೆಯಲ್ಲಿ ನಿಂತು ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಕಿರುಬೆರಳನ್ನು ಶನಿಯ ಪಕ್ಕ ಹಿಡಿದರು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ.